ಗಾಡಿಯೇ ಮನೆಯಾದಾಗ
(ಮೋಟಾರು ಪ್ರವಾಸ ಹೊರಡುವ ಕುಟುಂಬಗಳಿಗೆ ಕೆಲವು ಸೂಚನೆಗಳು)

ದೇಶ ಸುತ್ತಬೇಕು, ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ನುಡಿ. ಸುತ್ತಿದವರು ಸುಖವಾಗಿ ಮನೆಗೆ ಮರಳಬೇಕೆಂಬುದನ್ನು ಅವರು ಬೇರೆಯಾಗಿ ಹೇಳಲಿಲ್ಲ. ಅದು ಹೇಳಬೇಕಾದ ಮಾತೇ ಅಲ್ಲವೆಂದು ಭಾವಿಸಿರಬೇಕು. ಎತ್ತಿನ ಗಾಡಿಯ ಕಾಲದಲ್ಲಿ ಹಾಗೆ ಭಾವಿಸಿದ್ದು ತಪ್ಪೂ ಅಲ್ಲ. ಜಾತ್ರೆಗೆ ಹೊರಟ ಕಮಾನು ಗಾಡಿಯಲ್ಲಿ ಅಕ್ಕಿ, ಬೇಳೆ, ಪಾತ್ರೆ, ಹಾಸಿಗೆ, ಮಕ್ಕಳು ಎಲ್ಲವೂ ಇರುತ್ತಿದ್ದವು. ಎತ್ತುಗಳು ದಣಿದರೆ ತಾವೇ ನಿಲ್ಲುತ್ತಿದ್ದವು. ಗಾಡಿ ಹೊಡೆಯುವವನು ತೂಕಡಿಸಿದರೂ ಅವು ದಾರಿ ಬಿಡುತ್ತಿರಲಿಲ್ಲ. ಮೋಟಾರಿಗೆ ಈ ಎರಡು ಗುಣಗಳೂ ಇಲ್ಲ. ಆದರೂ ನಾವು ಅದರಲ್ಲಿ ಕಮಾನು ಗಾಡಿಯಲ್ಲಿ ಕುಳಿತಂತೆಯೇ ಕುಳಿತುಕೊಳ್ಳುತ್ತೇವೆ. ಅಪಾಯದ ಮೂಲ ಇಲ್ಲಿದೆ.

ಬೇಸಗೆ ಮತ್ತು ದಸರಾ ರಜೆಗಳಲ್ಲಿ ನಮ್ಮ ರಾಯದುರ್ಗ, ಮಡಕಶಿರಾ ಸೀಮೆಗಳಿಂದ ನಾಲ್ಕೈದು ಮನೆಯವರು ಕೂಡಿ ಒಂದು ಟೆಂಪೊ ಟ್ರಾವೆಲರನ್ನೋ ಚಿಕ್ಕ ಬಸ್ಸನ್ನೋ ಗೊತ್ತುಮಾಡಿಕೊಂಡು, ಒಲೆ ಸಿಲಿಂಡರು ಸಹಿತ ಧರ್ಮಸ್ಥಳ, ಉಡುಪಿ, ಮಂತ್ರಾಲಯ, ತಿರುಪತಿಗಳಿಗೆ ಹೊರಡುವುದು ಈಗ ವಾಡಿಕೆಯಾಗಿದೆ. ಪಾಶ್ಚಾತ್ಯ ದೇಶಗಳಲ್ಲಿ ಅಡುಗೆ ಮನೆ, ಮಂಚ, ಶೌಚಗೃಹಗಳಿರುವ ಮೋಟಾರು ಮನೆಗಳು ಬಹುಕಾಲದಿಂದ ಬಳಕೆಯಲ್ಲಿವೆ. ನೆರೆಯ ಕೇರಳ ರಾಜ್ಯವು ೨೦೨೧ರಲ್ಲಿ ಇಂಥ ವಾಹನಗಳಿಗಾಗಿಯೇ ಕಾರವಾನ್ ಪ್ರವಾಸೋದ್ಯಮದ ನೀತಿಯೊಂದನ್ನು ಪ್ರಕಟಿಸಿತು. ಬೆಲೆಬಾಳುವ ಕಾರವಾನೇ ಆಗಲಿ, ನಮ್ಮ ಬಾಡಿಗೆಯ ವ್ಯಾನೇ ಆಗಲಿ, ತತ್ತ್ವವೊಂದೇ. ಅದನ್ನು ನಾವು ಮೂರು ಮಾತುಗಳಲ್ಲಿ ಹೇಳುತ್ತೇವೆ: ಓಡುವಾಗ ಅದು ಗಾಡಿ, ನಿಂತಾಗ ಅದು ಮನೆ, ಬೆಂಕಿಗೆ ಎರಡರೊಳಗೂ ಎಡೆಯಿಲ್ಲ. ಮುಂದಿನ ಸೂಚನೆಗಳೆಲ್ಲ ಈ ಮೂರು ಮಾತುಗಳ ವಿವರಣೆಯೇ ಆಗಿವೆ.

ಹೊರಡುವ ಮೊದಲು

ರಾಯದುರ್ಗವು ಅನಂತಪುರ ಜಿಲ್ಲೆಯಲ್ಲಿಯೂ, ಮಡಕಶಿರಾ ೨೦೨೨ರಲ್ಲಿ ಏರ್ಪಟ್ಟ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿಯೂ ಇವೆ. ಎರಡೂ ಗಡಿನಾಡುಗಳೇ. ರಾಯದುರ್ಗದವರು ಬಳ್ಳಾರಿಗೋ ಮೊಳಕಾಲ್ಮೂರಿಗೋ ಹೊರಟರೆ, ಮಡಕಶಿರಾದವರು ಶಿರಾಕ್ಕೋ ಪಾವಗಡಕ್ಕೋ ಹೊರಟರೆ, ಊರು ಬಿಟ್ಟ ಸ್ವಲ್ಪ ಹೊತ್ತಿನಲ್ಲಿಯೇ ರಾಜ್ಯ ಬದಲಾಗುತ್ತದೆ. ಆದಕಾರಣ ಕಾಗದಪತ್ರಗಳ ವಿಷಯದಲ್ಲಿ ನಾವು ಇತರರಿಗಿಂತ ಹೆಚ್ಚು ಎಚ್ಚರದಿಂದಿರತಕ್ಕದ್ದು. ಬಾಡಿಗೆಯ ವಾಹನಕ್ಕೆ ಸಾಮಾನ್ಯವಾಗಿ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರಗಳ ನಂಬರಿರುತ್ತದೆ. ಬಿಳಿ ಹಲಗೆಯ ಸ್ವಂತ ವಾಹನವನ್ನು ಅಗ್ಗಕ್ಕೆ ದೊರೆಯಿತೆಂದು ಬಾಡಿಗೆಗೆ ಹಿಡಿಯಬಾರದು. ಅಪಘಾತವಾದಲ್ಲಿ ವಿಮೆಯವರು ಪರಿಹಾರ ಕೊಡಲು ತಕರಾರು ತೆಗೆಯುತ್ತಾರೆ. ಉಳಿಸಿದ ಸಾವಿರ ರೂಪಾಯಿ ಲಕ್ಷಗಳನ್ನು ಕಳೆಯುತ್ತದೆ. ಆರ್.ಸಿ., ವಿಮೆ, ಪರ್ಮಿಟ್ಟು, ಎಫ್.ಸಿ. ಎಂದು ಜನರು ಕರೆಯುವ ಯೋಗ್ಯತಾ ಪತ್ರ, ಹೊಗೆ ತಪಾಸಣೆಯ ಪತ್ರ, ಚಾಲಕನ ಲೈಸೆನ್ಸು ಇವುಗಳ ಅವಧಿಯನ್ನು ಮುಂಗಡ ಹಣ ಕೊಡುವ ಮುನ್ನವೇ ನೋಡಬೇಕು. ಹೋಗತಕ್ಕ ರಾಜ್ಯಗಳ ತೆರಿಗೆ, ಟೋಲು, ಚಾಲಕನ ಬತ್ತೆ ಇವು ಯಾರ ಪಾಲಿಗೆ ಎಂಬುದನ್ನು ಮಾಲೀಕರಿಂದ ಬರಹದಲ್ಲಿ ಪಡೆಯುವುದು ಲೇಸು. ಗಡಿಯಲ್ಲಿ ನಡುರಾತ್ರಿ ನಿಂತು ಮಾಡುವ ಜಗಳಕ್ಕಿಂತ ಊರಿನಲ್ಲಿ ಹಗಲು ಆಡುವ ಮಾತು ಒಳ್ಳೆಯದು.

ವಾಹನದಲ್ಲಿ ಮೊದಲು ನೋಡತಕ್ಕದ್ದು ಬಣ್ಣವನ್ನಲ್ಲ, ಟೈರನ್ನು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕೆಗಳನ್ನು ಅಚ್ಚೊತ್ತಿರುತ್ತಾರೆ. ಮೊದಲ ಎರಡು ವಾರವನ್ನೂ, ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ೨೩೧೯ ಎಂದಿದ್ದರೆ ಆ ಟೈರು ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ವಿದ್ಯಾರ್ಥಿಗಳು ಇದನ್ನು ಓದಿ ತಂದೆಯವರಿಗೆ ಹೇಳಬಹುದು. ಬಿರುಕು ಬಿಟ್ಟ ಹಾಗೂ ಗೆರೆ ಸವೆದ ಟೈರು ನಮ್ಮ ಸೀಮೆಯ ಏಪ್ರಿಲ್ ಮೇ ತಿಂಗಳ ಕಾದ ರಸ್ತೆಯಲ್ಲಿ ಸಿಡಿಯುವ ಸಂಭವ ಹೆಚ್ಚು. ಗಾಳಿಯ ಒತ್ತಡವನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗ ನೋಡಿಸಬೇಕು. ಓಡಿ ಬಿಸಿಯಾದಾಗ ಒತ್ತಡ ಏರುವುದು ಸಹಜ. ಅದನ್ನು ಕಂಡು ಗಾಳಿ ಇಳಿಸಕೂಡದು. ಸ್ಟೆಪ್ನಿ, ಜಾಕಿ, ಬೆಂಕಿ ಆರಿಸುವ ಉಪಕರಣ, ಕೆಂಪು ತ್ರಿಕೋನ ಫಲಕ, ಔಷಧಿ ಪೆಟ್ಟಿಗೆ ಇವು ಇವೆಯೆಂಬ ಮಾತನ್ನು ಕೇಳಿದರೆ ಸಾಲದು, ಕಣ್ಣಿನಿಂದ ನೋಡಬೇಕು. ವಾಹನದ ಎತ್ತರವನ್ನೂ ಬರೆದಿಟ್ಟುಕೊಳ್ಳಬೇಕು. ಮೇಲೆ ಸಾಮಾನು ಹೇರಿದ ಗಾಡಿ ರೈಲ್ವೆಯ ಕೆಳಸೇತುವೆಯಲ್ಲಿ ಸಿಕ್ಕಿಕೊಂಡ ಬಳಿಕ ಅಳತೆ ಹಿಡಿದು ಫಲವಿಲ್ಲ.

ಚಾಲಕನ ನಿದ್ರೆ

ಪ್ರವಾಸದ ಅತ್ಯಂತ ಮುಖ್ಯವಾದ ವಸ್ತು ಯಾವುದೆಂದು ಕೇಳಿದರೆ ನಾವು ಚಾಲಕನ ನಿದ್ರೆ ಎನ್ನುತ್ತೇವೆ. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಓಡುವ ವಾಹನ ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುತ್ತದೆ. ಚಾಲಕನ ಕಣ್ಣು ಮೂರು ಸೆಕೆಂಡು ಮುಚ್ಚಿದರೆ ಸಾಕು, ಐವತ್ತು ಮೀಟರು ದೂರ ಆ ಗಾಡಿಗೆ ಒಡೆಯನಿಲ್ಲ. ಬೆಳಗಿನ ಜಾವ ಎರಡರಿಂದ ಐದರವರೆಗೆ ಮನುಷ್ಯದೇಹಕ್ಕೆ ನಿದ್ರೆಯ ಸೆಳೆತ ಅತಿ ಹೆಚ್ಚು. ಕಾಫಿಯಾಗಲಿ, ತಣ್ಣೀರಾಗಲಿ, ಗಟ್ಟಿಯಾದ ಹಾಡಾಗಲಿ ಅದನ್ನು ತುಸು ಹೊತ್ತು ಮುಂದಕ್ಕೆ ದೂಡಬಲ್ಲವೇ ಹೊರತು ತೀರಿಸಲಾರವು.

೧೯೬೧ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು ದಿನಕ್ಕೆ ೮ ಗಂಟೆಯ ಕೆಲಸವನ್ನೂ, ಐದು ಗಂಟೆಗೆ ಮೀರದಂತೆ ಕೆಲಸ ಮಾಡಿದ ಬಳಿಕ ಕನಿಷ್ಠ ಅರ್ಧ ಗಂಟೆಯ ವಿರಾಮವನ್ನೂ ಗೊತ್ತುಪಡಿಸಿತ್ತು. ಕಾಯಿದೆಗಳು ಬದಲಾದರೂ ದೇಹಧರ್ಮ ಬದಲಾಗದು; ಈ ಅಳತೆಯನ್ನು ಪ್ರತಿಯೊಂದು ಕುಟುಂಬವೂ ಇಟ್ಟುಕೊಳ್ಳಬಹುದು. "ಒಂದೇ ರಾತ್ರಿಯಲ್ಲಿ ಧರ್ಮಸ್ಥಳ, ಮರುರಾತ್ರಿಯಲ್ಲಿ ಮನೆ" ಎಂದು ಲೆಕ್ಕ ಹಾಕುವವರು ಒಂದು ದಿನದ ವಸತಿಯ ಖರ್ಚನ್ನು ಉಳಿಸಲು ಹದಿನೇಳು ಜನರ ಪ್ರಾಣವನ್ನು ಪಣಕ್ಕಿಡುತ್ತಾರೆ. ದೂರದ ಪ್ರಯಾಣಕ್ಕೆ ಇಬ್ಬರು ಚಾಲಕರಿರಬೇಕು. ಇಲ್ಲವೆ ರಾತ್ರಿ ತಂಗಬೇಕು. ತಂಗಿದಾಗ ಚಾಲಕನಿಗೆ ಬಿಸಿ ಊಟ ಬಡಿಸಿ, ಚಾಪೆ ದಿಂಬು ಕೊಟ್ಟು, ಗದ್ದಲವಿಲ್ಲದ ಸ್ಥಳದಲ್ಲಿ ಮಲಗಿಸುವುದು ಔದಾರ್ಯವಲ್ಲ, ನಮ್ಮ ಸ್ವಂತ ರಕ್ಷಣೆ.

ಒಮ್ಮೆ ನಮ್ಮ ಶಾಲೆಯ ಹಂಪಿ ಪ್ರವಾಸಕ್ಕೆ ಗೊತ್ತುಮಾಡಿದ್ದ ವಾಹನದ ಚಾಲಕನು ಹಿಂದಿನ ರಾತ್ರಿಯೆಲ್ಲ ಬೇರೊಂದು ಬಾಡಿಗೆ ಮುಗಿಸಿ ಮುಂಜಾನೆ ಐದಕ್ಕೆ ಶಾಲೆಯ ಬಾಗಿಲಿಗೆ ಬಂದನು. ಆತನ ಕಣ್ಣುಗಳು ಕೆಂಪಾಗಿದ್ದವು. "ಏನೂ ಆಗೋದಿಲ್ಲ ಸಾರ್, ಅಭ್ಯಾಸವಿದೆ" ಎಂದನು. ನಾವು ಆತನನ್ನು ಶಾಲೆಯ ಹಜಾರದಲ್ಲಿ ಹನ್ನೊಂದು ಗಂಟೆಯವರೆಗೆ ಮಲಗಿಸಿದೆವು. ಮಕ್ಕಳು ಮುಖ ಸಪ್ಪಗೆ ಮಾಡಿಕೊಂಡು ಬುತ್ತಿಯನ್ನು ಅಂಗಳದಲ್ಲಿಯೇ ತಿಂದರು. ವಿಜಯವಿಠ್ಠಲ ದೇವಾಲಯವನ್ನು ಮಾತ್ರ ನೋಡಿ ಬಂದೆವು. ನೋಡದೆ ಉಳಿದ ಗುಡಿಗಳು ಅಲ್ಲಿಯೇ ಇವೆ, ಮಕ್ಕಳೂ ಕ್ಷೇಮವಾಗಿದ್ದಾರೆ.

ಓಡುವಾಗ ಅದು ಗಾಡಿ

ಆಸನಗಳ ನಡುವೆ ಹಾಸಿಗೆ ಹಾಸಿ ಮಕ್ಕಳನ್ನು ಮಲಗಿಸುವುದು, ಓಡುವ ಗಾಡಿಯಲ್ಲಿ ನಿಂತು ತಿಂಡಿ ಹಂಚುವುದು, ಕೂಸನ್ನು ಮಡಿಲಲ್ಲಿ ಹಿಡಿದು ಮುಂದಿನ ಸೀಟಿನಲ್ಲಿ ಕೂಡುವುದು, ಇವೆಲ್ಲ ನಮ್ಮಲ್ಲಿ ಸಾಮಾನ್ಯ. ಇದರ ಅಪಾಯವನ್ನು ಹತ್ತನೆಯ ತರಗತಿಯ ವಿದ್ಯಾರ್ಥಿ ತನ್ನ ಭೌತಶಾಸ್ತ್ರದಿಂದಲೇ ತಿಳಿಯಬಹುದು. ಗಂಟೆಗೆ ೬೦ ಕಿಲೋಮೀಟರು ವೇಗದ ಗಾಡಿ ಥಟ್ಟನೆ ನಿಂತರೆ ಒಳಗಿನವರು ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತಾರೆ. ಆ ಪೆಟ್ಟು ಸುಮಾರು ೧೪ ಮೀಟರು ಎತ್ತರದಿಂದ, ಎಂದರೆ ನಾಲ್ಕು ಅಂತಸ್ತಿನ ಮನೆಯ ಮೇಲಿನಿಂದ, ಕೆಳಕ್ಕೆ ಬಿದ್ದ ಪೆಟ್ಟಿಗೆ ಸಮ. ತಾಯಿಯ ತೋಳಿನಲ್ಲಿ ಎಷ್ಟೇ ಪ್ರೀತಿಯಿದ್ದರೂ ಆ ಬಲವನ್ನು ತಡೆಯಲಾರದು. ಸೀಟಿನ ಪಟ್ಟಿ ತಡೆಯುತ್ತದೆ. ಆದುದರಿಂದ ಗಾಡಿ ಓಡುವಷ್ಟು ಹೊತ್ತೂ ಪ್ರತಿಯೊಬ್ಬರೂ ಸೀಟಿನಲ್ಲಿ ಪಟ್ಟಿ ಕಟ್ಟಿ ಕುಳಿತಿರತಕ್ಕದ್ದು. ಭಾರವಾದ ಪಾತ್ರೆ, ನೀರಿನ ಕ್ಯಾನು, ಟ್ರಂಕುಗಳು ತಲೆಯ ಮೇಲಿನ ಹಲಗೆಯಲ್ಲಿರದೆ ಕೆಳಗೆ ಬಿಗಿದಿರಬೇಕು.

ಹತ್ತಿದ ಕೂಡಲೆ ತುರ್ತು ಬಾಗಿಲು ಯಾವುದು, ಅದನ್ನು ತೆರೆಯುವ ಬಗೆ ಹೇಗೆ, ಗಾಜು ಒಡೆಯುವ ಸುತ್ತಿಗೆ ಎಲ್ಲಿದೆ ಎಂಬುದನ್ನು ಎಲ್ಲರಿಗೂ ತೋರಿಸಬೇಕು. ೨೦೨೫ರ ಅಕ್ಟೋಬರ್ ೨೪ರ ಮುಂಜಾನೆ, ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಕರ್ನೂಲಿನ ಬಳಿ ಹೊತ್ತಿ ಉರಿದಾಗ, ಬದುಕಿ ಬಂದವರಲ್ಲಿ ಹಲವರು ಕಿಟಕಿಯ ಗಾಜು ಒಡೆದು ಹೊರಬಿದ್ದವರು. ತುರ್ತು ಬಾಗಿಲಿಗೆ ಅಡ್ಡವಾಗಿ ಅಕ್ಕಿಯ ಚೀಲವನ್ನಾಗಲಿ ಹಾಸಿಗೆಯ ಸುರುಳಿಯನ್ನಾಗಲಿ ಇಡಕೂಡದು.

ಬೆಂಕಿಗೆ ಒಳಗೆ ಎಡೆಯಿಲ್ಲ

೨೦೨೩ರ ಆಗಸ್ಟ್ ೨೬ರಂದು ಮಧುರೆಯ ರೈಲು ನಿಲ್ದಾಣದ ಬಳಿ ನಿಂತಿದ್ದ ಯಾತ್ರಿಕರ ಬೋಗಿಯೊಂದಕ್ಕೆ ಬೆಂಕಿ ಬಿದ್ದು ಒಂಬತ್ತು ಮಂದಿ ಮಡಿದರು. ಉತ್ತರ ಪ್ರದೇಶದಿಂದ ತೀರ್ಥಯಾತ್ರೆಗೆ ಬಂದಿದ್ದವರು ಅವರು. ನಿಯಮಕ್ಕೆ ವಿರುದ್ಧವಾಗಿ ಬೋಗಿಯೊಳಗೆ ಗ್ಯಾಸಿನ ಸಿಲಿಂಡರು ತಂದು, ಬೆಳಗಿನ ಚಹಕ್ಕಾಗಿ ಒಲೆ ಹಚ್ಚಿದ್ದರು. ಬೋಗಿ ಓಡುತ್ತಿರಲಿಲ್ಲ, ನಿಂತಿತ್ತು. ನಿಂತ ಗಾಡಿಯೊಳಗೂ ಒಲೆ ಹಚ್ಚಕೂಡದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅಡುಗೆ ಅನಿಲದ ಗುಣವನ್ನು ತಿಳಿದರೆ ಕಾರಣ ಸ್ಪಷ್ಟವಾಗುತ್ತದೆ. ಸಿಲಿಂಡರಿನಲ್ಲಿ ಅದು ದ್ರವರೂಪದಲ್ಲಿರುತ್ತದೆ. ಹೊರಬಂದಾಗ ಸುಮಾರು ೨೫೦ ಪಾಲು ಹಿಗ್ಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ಮೇಲಿನ ಕಿಟಕಿಯಿಂದ ಹೋಗದೆ ಗಾಡಿಯ ನೆಲದಲ್ಲಿ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಮನೆಯ ಅಡುಗೆಕೋಣೆಯಲ್ಲಿ ಓಡಿಹೋಗಲು ಬಾಗಿಲಿದೆ. ಹದಿನೇಳು ಸೀಟಿನ ವ್ಯಾನಿನಲ್ಲಿ ಇರುವುದು ಇಕ್ಕಟ್ಟಾದ ಒಂದು ದಾರಿ.

ಸಿಲಿಂಡರನ್ನು ಒಯ್ಯದೆ ಇರುವುದೇ ಉತ್ತಮ. ನಮ್ಮ ತಾಯಂದಿರು ಬುತ್ತಿ ಕಟ್ಟುವುದರಲ್ಲಿ ಯಾರಿಗೂ ಕಡಿಮೆಯವರಲ್ಲ. ಜೋಳದ ಖಡಕ್ ರೊಟ್ಟಿ, ಕಡಲೆಕಾಯಿ ಚಟ್ನಿಪುಡಿ, ಹುರಿದ ಅವಲಕ್ಕಿ, ಕಡಲೆಕಾಯಿ ಉಂಡೆ ಇವು ನಾಲ್ಕು ದಿನ ಕೆಡುವುದಿಲ್ಲ. ಹುಳಿಯನ್ನ ಒಂದು ದಿನಕ್ಕೆ ಬರುತ್ತದೆ. ಅನೇಕ ಕ್ಷೇತ್ರಗಳಲ್ಲಿ ಅನ್ನದಾಸೋಹವಿದೆ. ಬಿಸಿ ಅಡುಗೆ ಬೇಕೇ ಬೇಕೆಂದರೆ ಅನುಮತಿಯಿರುವ ಛತ್ರದ ಅಡುಗೆಮನೆಯಲ್ಲಿ ಮಾಡಬೇಕು. ಅಡುಗೆಮನೆಯುಳ್ಳ ಕಾರವಾನನ್ನೇ ಬಾಡಿಗೆಗೆ ಪಡೆದವರು, ಓಡುವಾಗ ಸಿಲಿಂಡರಿನ ಕೀಲಿಯನ್ನು ಪೂರ್ತಿ ಮುಚ್ಚಿ, ನಿಂತು ಅಡುಗೆ ಮಾಡುವಾಗ ಮಾಲೀಕರು ಹೇಳಿಕೊಟ್ಟ ಕ್ರಮದಂತೆ ಗಾಳಿಯ ಕಿಂಡಿಗಳನ್ನೆಲ್ಲ ತೆರೆದಿಡಬೇಕು.

ನಿಂತಾಗ ಅದು ಮನೆ

ಮನೆಯೆಂದ ಮೇಲೆ ಅದಕ್ಕೆ ಗಟ್ಟಿ ನೆಲವೂ ಒಳ್ಳೆಯ ಗಾಳಿಯೂ ಬೇಕು. ಗಾಡಿಯನ್ನು ಸಮತಟ್ಟಾದ ಸ್ಥಳದಲ್ಲಿ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳಿಗೆ ಅಡ್ಡಗಲ್ಲು ಕೊಡತಕ್ಕದ್ದು. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ ಮಲಗುವುದು ಆತ್ಮಘಾತಕ್ಕೆ ಸಮಾನ. ಹಿಂದಿನಿಂದ ಬರುವ ಲಾರಿಯ ಚಾಲಕನೂ ನಿದ್ರೆಗೆಟ್ಟವನೇ ಆಗಿರಬಹುದು. ಪೆಟ್ರೋಲ್ ಬಂಕಿನ ವಿಶಾಲವಾದ ಅಂಗಳ, ಛತ್ರದ ಆವರಣ, ದೇವಸ್ಥಾನದ ವಾಹನ ನಿಲ್ದಾಣ ಇವು ತಕ್ಕ ಸ್ಥಳಗಳು. ಅಲ್ಲಿಯವರ ಅನುಮತಿಯನ್ನು ಕೇಳಿಯೇ ನಿಲ್ಲಬೇಕು. ಬಿಡುವಾಗ ಎಂಜಲೆಲೆ, ಪ್ಲಾಸ್ಟಿಕ್ಕು, ಕೊಳೆನೀರು ಯಾವುದನ್ನೂ ಬಿಟ್ಟು ಬರಬಾರದು.

ಎಂಜಿನನ್ನಾಗಲಿ ಜನರೇಟರನ್ನಾಗಲಿ ಓಡುವಂತೆ ಬಿಟ್ಟು ಮುಚ್ಚಿದ ಗಾಡಿಯಲ್ಲಿ ಮಲಗಕೂಡದು. ೨೦೨೪ರ ಡಿಸೆಂಬರಿನಲ್ಲಿ ಕೇರಳದ ವಡಗರದಲ್ಲಿ ರಸ್ತೆಯ ಬದಿಗೆ ನಿಲ್ಲಿಸಿದ್ದ ಕಾರವಾನೊಂದರೊಳಗೆ ಇಬ್ಬರು ಸತ್ತುಬಿದ್ದುದು ಕಂಡುಬಂದಿತು. ಜನರೇಟರಿನ ಹೊಗೆಯಲ್ಲಿನ ಕಾರ್ಬನ್ ಮೊನಾಕ್ಸೈಡು ಒಳಗೆ ತುಂಬಿದ್ದೇ ಕಾರಣವೆಂದು ತನಿಖೆಯಿಂದ ತಿಳಿದುಬಂದಿತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತವು ಪ್ರಾಣವಾಯುವನ್ನು ಹಿಡಿಯುವುದಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಇದನ್ನು ಹಿಡಿದುಕೊಳ್ಳುತ್ತದೆ. ನಿದ್ರಿಸುವವರಿಗೆ ಎಚ್ಚರವೇ ಆಗುವುದಿಲ್ಲ. ಚಳಿಗೆಂದು ಇದ್ದಿಲ ಕೆಂಡವನ್ನು ಒಳಗಿಟ್ಟು ಮಲಗಿದರೂ ಇದೇ ಗತಿ. ಸೆಕೆಯಾದರೆ ಕಿಟಕಿ ತೆರೆಯಬೇಕು, ಚಳಿಯಾದರೆ ಕಂಬಳಿ ಹೊದೆಯಬೇಕು.

ಘಟ್ಟ, ಹೊಳೆ, ಕಡಲು

ನಮ್ಮದು ಮಳೆ ಕಡಿಮೆಯಾದ ಬಯಲು ಸೀಮೆ. ನಮ್ಮ ಮಕ್ಕಳಿಗೆ ಬೆಟ್ಟಗಳ ಪರಿಚಯವಿದೆ. ಘಟ್ಟ, ಹೊಳೆ, ಕಡಲುಗಳ ಪರಿಚಯ ಸಾಲದು.

ಘಟ್ಟದಲ್ಲಿ ಏರುವ ಗಾಡಿಗೆ ಇಳಿಯುವ ಗಾಡಿ ದಾರಿ ಬಿಡಬೇಕೆಂಬುದು ನಿಯಮ. ಇಳಿಜಾರಿನಲ್ಲಿ ಎಂಜಿನನ್ನು ನ್ಯೂಟ್ರಲಿಗೆ ಹಾಕಿ ಎಣ್ಣೆ ಉಳಿಸಲು ಹೋದರೆ ಬ್ರೇಕು ಕಾದು ಸೋಲುತ್ತದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು ಎಂಬ ಚಾಲಕರ ಹಳೆಯ ಮಾತು ಸರಿಯಾದುದು. ಚಾರ್ಮಾಡಿ, ಶಿರಾಡಿ ಘಟ್ಟಗಳಲ್ಲಿ ಮಳೆಗಾಲದಲ್ಲಿ ಮಣ್ಣು ಕುಸಿದು ರಸ್ತೆ ಮುಚ್ಚುವುದುಂಟು. ಹೊರಡುವ ದಿನವೇ ವಿಚಾರಿಸಿಕೊಳ್ಳಬೇಕು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ೨೦೦೯ರಿಂದ ರಾತ್ರಿ ೯ರಿಂದ ಬೆಳಿಗ್ಗೆ ೬ರವರೆಗೆ ಸಂಚಾರ ನಿಷಿದ್ಧ. ಹಗಲಿನಲ್ಲಿಯೂ ಅಲ್ಲಿ ಇಳಿದು ಬುತ್ತಿ ಬಿಚ್ಚಲಾಗದು.

ಒಣಗಿದ ಹೊಳೆಯ ಮರಳು ನಮಗೆ ಬಿಡಾರಕ್ಕೆ ತಕ್ಕ ಜಾಗವೆಂದು ತೋರುತ್ತದೆ. ವೇದಾವತಿಯನ್ನು ಬಹುಕಾಲ ಮರಳಾಗಿಯೇ ಕಂಡವರು ನಾವು. ಆದರೆ ಮೇಲಣ ಸೀಮೆಯಲ್ಲಿ ಬಿದ್ದ ಮಳೆ ಇಲ್ಲಿ ಮೋಡವಿಲ್ಲದ ಆಕಾಶದ ಕೆಳಗೆ ಪ್ರವಾಹವಾಗಿ ಬರಬಲ್ಲದು. ೨೦೨೧ರ ನವೆಂಬರಿನಲ್ಲಿ ಚಿತ್ರಾವತಿಯ ಪ್ರವಾಹದಲ್ಲಿ ಸಿಕ್ಕಿಕೊಂಡ ೧೦ ಮಂದಿಯನ್ನು ವಾಯುಪಡೆಯ ಹೆಲಿಕಾಪ್ಟರು ಬಂದು ಎತ್ತಿ ಉಳಿಸಬೇಕಾಯಿತು. ರಭಸವಾಗಿ ಹರಿಯುವ ಎರಡಡಿ ನೀರು ದೊಡ್ಡ ಗಾಡಿಯನ್ನೂ ತೇಲಿಸೀತು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ಹಿಂದಿರುಗುವುದೇ ವಿವೇಕ.

ಕಡಲಿನ ಮಾತಂತೂ ನೆನೆದರೆ ಎದೆ ನಡುಗುತ್ತದೆ. ೨೦೨೪ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಬಾಲಕಿಯರು ಸಮುದ್ರದ ಪಾಲಾದರು. ಅವರೂ ನಮ್ಮ ಮಕ್ಕಳಂತೆಯೇ ಬಯಲು ಸೀಮೆಯವರು. ಕಡಲನ್ನು ದಡದಲ್ಲಿ ನಿಂತು ನೋಡಬೇಕು. ರಕ್ಷಕರಿಲ್ಲದ ದಡದಲ್ಲಿ, ಕೆಂಪು ಬಾವುಟ ಹಾರುವಲ್ಲಿ, ಪಾದ ತೋಯಿಸುವ ಆಸೆಯನ್ನೂ ಬಿಡತಕ್ಕದ್ದು.

ನೀರು ಮತ್ತು ಆರೋಗ್ಯ

ಕುಡಿಯುವ ನೀರನ್ನು ಮನೆಯಿಂದ ಒಯ್ಯಬೇಕು. ಮುಗಿದರೆ ಕಾಯಿಸಿದ ನೀರು ಅಥವಾ ಮುದ್ರೆಯೊಡೆಯದ ಬಾಟಲಿಯ ನೀರು. ಭೇದಿಯಾದರೆ ಒಂದು ಲೀಟರು ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಆಗಾಗ ಕುಡಿಸಬೇಕು; ಸುಧಾರಿಸದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಬಿಸಿಲಿನಲ್ಲಿ ನಿಲ್ಲಿಸಿದ ಗಾಡಿಯೊಳಗೆ ನಿದ್ರಿಸುವ ಮಗುವನ್ನು ಬಿಟ್ಟು "ಐದು ನಿಮಿಷದಲ್ಲಿ ದರ್ಶನ ಮುಗಿಸಿ ಬರುತ್ತೇವೆ" ಎನ್ನುವುದು ಸಲ್ಲದು. ಮುಚ್ಚಿದ ಗಾಡಿ ಅಷ್ಟರಲ್ಲಿಯೇ ಕಾದ ಒಲೆಯಾಗುತ್ತದೆ.

ಪ್ರತಿಯೊಂದು ಮಗುವಿನ ಜೇಬಿನಲ್ಲಿ ಒಂದು ಚೀಟಿಯಿರಲಿ. ಅದರಲ್ಲಿ ಹೆಸರು, ಊರು, ರಕ್ತದ ಗುಂಪು, ತಂದೆತಾಯಿಯರ ದೂರವಾಣಿ ಸಂಖ್ಯೆ ಇವನ್ನು ಕನ್ನಡ, ತೆಲುಗು, ಇಂಗ್ಲಿಷು ಮೂರರಲ್ಲಿಯೂ ಬರೆದಿರಬೇಕು. ಗಡಿನಾಡಿನ ಮಕ್ಕಳಿಗೆ ಮೂರು ಲಿಪಿಗಳು ಬರುತ್ತವೆ. ಈ ಚೀಟಿಯನ್ನು ಅವರೇ ಬರೆಯಲಿ.

ಆಪತ್ತು ಬಂದರೆ

ಗಾಡಿ ಕೆಟ್ಟು ನಿಂತರೆ ಎಲ್ಲರೂ ರಸ್ತೆಯಿಂದ ದೂರ ಇಳಿದು ನಿಲ್ಲಬೇಕು. ಕೆಂಪು ತ್ರಿಕೋನವನ್ನು ಗಾಡಿಯ ಹಿಂದೆ ಬಹುದೂರದಲ್ಲಿಡಬೇಕು. ಎಲ್ಲ ಬಗೆಯ ತುರ್ತಿಗೆ ೧೧೨, ಆಂಬ್ಯುಲೆನ್ಸಿಗೆ ೧೦೮, ರಾಷ್ಟ್ರೀಯ ಹೆದ್ದಾರಿಯ ನೆರವಿಗೆ ೧೦೩೩, ಈ ಮೂರು ಸಂಖ್ಯೆಗಳು ಬಾಯಿಪಾಠವಾಗಿರಲಿ. ದಾರಿಯಲ್ಲಿ ಇತರರ ಅಪಘಾತ ಕಂಡರೆ ಕೋರ್ಟು ಕಚೇರಿಯ ಭಯದಿಂದ ಮುಂದೆ ಸಾಗಬಾರದು. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ೨೦೧೯ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯೇ ರಕ್ಷಣೆ ಕೊಟ್ಟಿದೆ.

ಮೊದಲ ಪ್ರವಾಸ ಹತ್ತಿರಕ್ಕಿರಲಿ

ಹೊಸದಾಗಿ ಹೊರಡುವವರು ಮೊದಲ ಸಲವೇ ಐದು ದಿನಗಳ ಪ್ರವಾಸವನ್ನು ಯೋಜಿಸಬಾರದು. ರಾಯದುರ್ಗದವರಿಗೆ ಹತ್ತಿರದಲ್ಲಿಯೇ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಿವೆ. ಅಶೋಕ ಚಕ್ರವರ್ತಿಯ ಶಾಸನಗಳು ಅಲ್ಲಿನ ಬಂಡೆಗಳ ಮೇಲಿವೆ. ಮಡಕಶಿರಾದವರಿಗೆ ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ, ಹಿಂದೂಪುರದ ಆಚೆಗೆ ಲೇಪಾಕ್ಷಿ, ೧೯೩೮ರಲ್ಲಿ ಸ್ವಾತಂತ್ರ್ಯಕ್ಕಾಗಿ ರಕ್ತ ಹರಿದ ವಿದುರಾಶ್ವತ್ಥ ಇವೆ. ಸೂರ್ಯ ಹುಟ್ಟಿದ ಮೇಲೆ ಹೊರಟು ಮುಳುಗುವ ಮೊದಲು ಮರಳಬಹುದಾದ ಈ ದಾರಿಗಳಲ್ಲಿ ಒಮ್ಮೆ ಹೋಗಿ ಬಂದರೆ, ವಾಹನ ಎಂಥದು, ಚಾಲಕ ಎಂಥವನು, ಮಕ್ಕಳಲ್ಲಿ ಯಾರಿಗೆ ವಾಂತಿಯಾಗುತ್ತದೆ, ಯಾವ ಸಾಮಾನು ಅನಾವಶ್ಯಕ ಎಂಬುದೆಲ್ಲ ತಿಳಿಯುತ್ತದೆ. ದೂರದ ಪ್ರಯಾಣಕ್ಕೆ ಇದಕ್ಕಿಂತ ಒಳ್ಳೆಯ ಸಿದ್ಧತೆಯಿಲ್ಲ.

ವಿದ್ಯಾರ್ಥಿಗಳಿಗೆ ನಾವು ಒಂದು ಕೆಲಸವನ್ನು ಒಪ್ಪಿಸುತ್ತೇವೆ. ಈ ರಜೆಯಲ್ಲಿ ನಿಮ್ಮ ಮನೆಯವರು ಪ್ರವಾಸ ಹೊರಟರೆ ಟೈರಿನ ಅಂಕೆಗಳನ್ನು ಓದುವವರು, ತುರ್ತು ಬಾಗಿಲನ್ನು ಗುರುತಿಸುವವರು, "ಚಾಲಕರು ರಾತ್ರಿ ಮಲಗಿದ್ದರೆ?" ಎಂದು ಕೇಳುವವರು ನೀವಾಗಬೇಕು. ಹಿರಿಯರು ಮಕ್ಕಳ ಬಾಯಿಂದ ಬಂದ ಇಂಥ ಪ್ರಶ್ನೆಯನ್ನು ಅಧಿಕಪ್ರಸಂಗವೆಂದು ಭಾವಿಸದೆ ಉತ್ತರಿಸಬೇಕೆಂದು ಪೋಷಕ ಮಹನೀಯರಲ್ಲಿ ನಮ್ಮ ವಿಜ್ಞಾಪನೆ. ಶಾಲೆ ಪುನಃ ಆರಂಭವಾದ ದಿನ ಹಾಜರಿ ಕರೆಯುವಾಗ ಪ್ರತಿಯೊಂದು ಹೆಸರಿಗೂ ಉತ್ತರ ಬರಬೇಕು. ನೀವು ಕಂಡದ್ದನ್ನು ನಿಮ್ಮ ಮಾತಿನಲ್ಲಿಯೇ ಬರೆದು ತನ್ನಿರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಸ್ಥಳವಿದೆ.